ಶಾವಿಗೆ ಎಳೆಯಷ್ಟು ಸ್ಯಾಂಪಲ್, ಅದರ ಲೆಕ್ಕ ಯಾರ ಕೈಲಿ?

ಪ್ಯಾಥಾಲಜಿ ಲ್ಯಾಬಿನವರು 'ಬ್ಲಾಕ್' ಅಂತ ಕರೆಯುವ ವಸ್ತುವನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಸೋದರಮಾವನ ಕಾಯಿಲೆಯ ಹೊತ್ತಿನಲ್ಲಿ. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಚೌಕಟ್ಟು. ಅದನ್ನು 'ಕ್ಯಾಸೆಟ್' ಅನ್ನುತ್ತಾರೆ, ಹಾಡಿನ ಕ್ಯಾಸೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಎರಡು ಸಣ್ಣ ಗೆರೆ. ಪಾಯಸ ಮಾಡಿದ ಪಾತ್ರೆಗೆ ಅಂಟಿಕೊಂಡ ಶಾವಿಗೆ ತುಂಡಿನ ಹಾಗೆ. ಮಾವನ ಶ್ವಾಸಕೋಶದ ಗಡ್ಡೆಗೆ ಸೂಜಿ ಹಾಕಿ ತೆಗೆದ ಮಾಂಸ ಅಂದರೆ ಅಷ್ಟೇ.

ಮಾವನ ಮಗ ಅದನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿಟ್ಟುಕೊಂಡು ಜೀನ್ ಟೆಸ್ಟಿಗೆ ಅಂತ ರಾತ್ರಿ ಬಸ್ಸಿನಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ತಂದಿದ್ದ. ಹತ್ತು ದಿನ ಆದ ಮೇಲೆ ಲ್ಯಾಬಿನಿಂದ ಫೋನ್ ಬಂತು. "ಸರ್, ಬ್ಲಾಕಲ್ಲಿ ಟಿಶ್ಯೂ ಸಾಲ್ತಾ ಇಲ್ಲ. ಇನ್ನೊಂದು ಸಲ ಬಯಾಪ್ಸಿ ಮಾಡಿಸಿ ಕಳಿಸ್ತೀರಾ?"

ಅತ್ತೆ ಕೇಳಿದ್ದು ಒಂದೇ ಮಾತು. "ಮೊದ್ಲು ತೆಗ್ದಿದ್ದೆಲ್ಲ ಎಲ್ಲಿಗೆ ಹೋಯ್ತಂತೆ?"

ತುಂಬ ಸರಿಯಾದ ಪ್ರಶ್ನೆ. ಆಮೇಲೆ ಹಲವರ ಹತ್ತಿರ ಕೇಳಿ, ಓದಿ, ನನಗೆ ಅರ್ಥವಾದದ್ದು ಇಷ್ಟು: ಸೂಜಿಯಲ್ಲಿ ಬರುವ ಮಾದರಿ ಚಿಕ್ಕದು ನಿಜ, ಆದರೆ 'ಸಾಲದು' ಅನ್ನುವ ರಿಪೋರ್ಟುಗಳಲ್ಲಿ ಬಹಳಷ್ಟು ಕಡೆ ಸೂಜಿಯ ತಪ್ಪಿರುವುದಿಲ್ಲ. ತೆಗೆದ ಮೇಲೆ ಅದನ್ನು ಖರ್ಚು ಮಾಡಿದ ರೀತಿಯಲ್ಲಿ ಇರುತ್ತದೆ.

ಮೊದಲಿಗೆ, ಈ ಜೀನ್ ಟೆಸ್ಟು ಯಾಕೆ ಬೇಕು ಅನ್ನೋದು. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಅಂದರೆ ಎರಡೇ ಜಾತಿ, ಸ್ಮಾಲ್ ಸೆಲ್ ಮತ್ತು ನಾನ್ ಸ್ಮಾಲ್ ಸೆಲ್. ನೂರರಲ್ಲಿ ಸುಮಾರು 85 ಮಂದಿ ಎರಡನೇ ಜಾತಿಯವರು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಕೀಮೋ. 2004ರಲ್ಲಿ ಅಮೆರಿಕದ ಸಂಶೋಧಕರು ಇಜಿಎಫ್‌ಆರ್ ಅನ್ನೋ ಜೀನಿನಲ್ಲಿ ಕೆಲವರಿಗೆ ಮ್ಯುಟೇಷನ್ (ಜೀನಿನ ಬರಹದಲ್ಲಾಗುವ ಬದಲಾವಣೆ) ಇರುತ್ತದೆ, ಅಂಥವರಿಗೆ ಜೆಫಿಟಿನಿಬ್ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ ಅಂತ ಕಂಡುಕೊಂಡರು. 2007ರಲ್ಲಿ ಜಪಾನಿನ ಹಿರೊಯುಕಿ ಮಾನೊ ತಂಡ ಎಎಲ್‌ಕೆ ಜೀನಿನ ಇನ್ನೊಂದು ಎಡವಟ್ಟನ್ನು ಹುಡುಕಿತು. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ರಾಸ್-1, ಬಿರಾಫ್, ಮೆಟ್, ರೆಟ್, ಹರ್-2, ಕೆರಾಸ್. ಇವುಗಳಲ್ಲಿ ಹೆಚ್ಚಿನವಕ್ಕೆ ಈಗ ಬೇರೆ ಬೇರೆ ಮಾತ್ರೆ ಇದೆ. ಭಾರತದಲ್ಲಿ ನಾನ್ ಸ್ಮಾಲ್ ಸೆಲ್‌ನೊಳಗಿನ ಅಡಿನೋಕಾರ್ಸಿನೋಮ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಮ್ಯುಟೇಷನ್ ಸಿಗುತ್ತದೆ. ಬೀಡಿ ಸಿಗರೇಟು ಮುಟ್ಟದವರಲ್ಲಿ, ಹೆಂಗಸರಲ್ಲಿ ಇನ್ನೂ ಜಾಸ್ತಿ.

'ಟೆಸ್ಟು ಯಾಕೆ, ಸುಮ್ನೆ ಮಾತ್ರೆ ಕೊಟ್ಟು ನೋಡಬಹುದಲ್ವಾ' ಅಂತ ಕೇಳುವವರು ಇದ್ದಾರೆ. ಅವರಿಗೆ 2009ರಲ್ಲಿ ಪ್ರಕಟವಾದ ಐಪಾಸ್ ಅನ್ನೋ ಅಧ್ಯಯನ ಉತ್ತರ ಕೊಟ್ಟಿದೆ. ಏಷ್ಯಾದ 1217 ರೋಗಿಗಳು. ಸಿಗರೇಟು ಸೇದದವರು, ಅಥವಾ ಹಿಂದೆ ಅಪರೂಪಕ್ಕೆ ಸೇದಿ ಬಿಟ್ಟವರು. ಅರ್ಧ ಜನಕ್ಕೆ ಜೆಫಿಟಿನಿಬ್, ಅರ್ಧ ಜನಕ್ಕೆ ಕೀಮೋ. ಮ್ಯುಟೇಷನ್ ಇದ್ದವರಲ್ಲಿ ಮಾತ್ರೆ ತೆಗೆದುಕೊಂಡ ಶೇ 71 ಮಂದಿಗೆ ಗಡ್ಡೆ ಕುಗ್ಗಿತು, ಕೀಮೋದಲ್ಲಿ ಶೇ 47. ಮ್ಯುಟೇಷನ್ ಇಲ್ಲದೆ ಮಾತ್ರೆ ತೆಗೆದುಕೊಂಡ 91 ಜನರಲ್ಲಿ ಗಡ್ಡೆ ಕುಗ್ಗಿದ್ದು ಎಷ್ಟು ಮಂದಿಗೆ ಗೊತ್ತಾ? ಒಬ್ಬರಿಗೆ. ಅವರಿಗೆ ಕೀಮೋನೇ ಎಷ್ಟೋ ವಾಸಿಯಾಗಿತ್ತು. ಅಂದಾಜಿನ ಮೇಲೆ ಮಾತ್ರೆ ಕೊಡುವುದು ಅಂದರೆ ಅದು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆ ಇದೆ, ಅದರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. 1217 ಜನರಲ್ಲಿ ಇಜಿಎಫ್‌ಆರ್ ಟೆಸ್ಟಿನ ಫಲಿತಾಂಶ ಸಿಕ್ಕಿದ್ದು 437 ಮಂದಿಗೆ ಮಾತ್ರ. ಉಳಿದವರಲ್ಲಿ ಕೆಲವರು ಮಾದರಿ ಕೊಡಲಿಲ್ಲ, ಕೆಲವರ ಮಾದರಿ ಸಾಕಾಗಲಿಲ್ಲ. ದುಡ್ಡು, ಶಿಸ್ತು ಎರಡೂ ಇದ್ದ ದೊಡ್ಡ ಅಧ್ಯಯನದಲ್ಲೇ ಮೂರರಲ್ಲಿ ಎರಡು ಪಾಲು ಜನರ ಉತ್ತರ ಸಿಗಲಿಲ್ಲ. ಇನ್ನು ನಮ್ಮ ಮಾವನದ್ದೇನು.

ದೊಡ್ಡ ತುಂಡು ತೆಗೆದರೆ ಆಗಲ್ವಾ? ಆಗುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಸುಮಾರು ಶೇ 70 ಮಂದಿಗೆ ಗೊತ್ತಾಗುವ ಹೊತ್ತಿಗೆ ಆಪರೇಷನ್ ಮಾಡುವ ಹಂತ ದಾಟಿರುತ್ತದೆ. ಗಡ್ಡೆಯನ್ನೇ ತೆಗೆಯುವುದಿಲ್ಲ ಅಂದ ಮೇಲೆ ಸಿಗುವುದು ಸೂಜಿಗೆ ಬಂದಷ್ಟೇ. ಆ ಬರೀ ಒಂದು ಮಾದರಿಯ ಹೆಗಲ ಮೇಲೆ ಎಲ್ಲ ಭಾರ.

ಗಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದರೆ ಸಿ.ಟಿ. ಸ್ಕ್ಯಾನ್ ನೋಡಿಕೊಂಡು ಎದೆಗೂಡಿನ ಮೂಲಕ ಸೂಜಿ ಹಾಕುತ್ತಾರೆ. ಸಾಮಾನ್ಯವಾಗಿ 18 ಅಥವಾ 20 ಗೇಜ್. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಸಣ್ಣ. 18 ಗೇಜ್ ಅಂದರೆ ಒಂದೂಕಾಲು ಮಿಲಿಮೀಟರ್ ದಪ್ಪ. ಒಳಗಿನಿಂದ ಒಂದೆರಡು ಸೆಂಟಿಮೀಟರ್ ಉದ್ದದ ಎಳೆ ಬರುತ್ತದೆ, ಅದಕ್ಕೆ 'ಕೋರ್' ಅಂತ ಹೆಸರು. ಕೆಲವರಿಗೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಆಮೇಲೆ ಎಕ್ಸ್‌ರೇ ತೆಗೆದು ಒಂದಷ್ಟು ಗಂಟೆ ಮಲಗಿಸುವುದು. ಪ್ರತಿ ಸಲ ಸೂಜಿ ಹಾಕಿದಾಗಲೂ ಈ ರಿಸ್ಕ್ ಇರುತ್ತದೆ, ಹಾಗಾಗಿ 'ಇನ್ನೊಂದು ಸಲ ಮಾಡಿಸಿ' ಅನ್ನೋದು ಫೋನಿನಲ್ಲಿ ಹೇಳಿದಷ್ಟು ಸುಲಭ ಅಲ್ಲ.

ಎದೆಯ ನಡುವೆ ಇರುವ ಲಿಂಫ್ ಗಂಟುಗಳಿಗೆ ಇನ್ನೊಂದು ದಾರಿ ಇದೆ, ಇಬಸ್. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸುವ ಕೊಳವೆ, ಅದರ ತುದಿಯಲ್ಲೇ ಪುಟ್ಟ ಅಲ್ಟ್ರಾಸೌಂಡ್. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಕಾಜುಹಿರೊ ಯಾಸುಫುಕು ಮತ್ತು ಜೊತೆಗಾರರು 2004ರಲ್ಲಿ ಇದರ ಫಲಿತಾಂಶ ಪ್ರಕಟಿಸಿದ ಮೇಲೆ ಜಗತ್ತಿನಾದ್ಯಂತ ಹಬ್ಬಿತು. ಡಾಕ್ಟರು ಪರದೆಯಲ್ಲಿ ಗಂಟನ್ನು ನೋಡುತ್ತಲೇ ಶ್ವಾಸನಾಳದ ಗೋಡೆ ಚುಚ್ಚಿ 21 ಅಥವಾ 22 ಗೇಜಿನ ಸೂಜಿಯನ್ನು ಒಳಗೆ ಹತ್ತು ಹನ್ನೆರಡು ಸಲ ಹಿಂದೆ ಮುಂದೆ ಆಡಿಸುತ್ತಾರೆ. ಬರುವುದು ಎಳೆಯಲ್ಲ, ರಕ್ತ ಬೆರೆತ ಹನಿಗಳು, ನಡುವೆ ಚೂರುಪಾರು ಜೀವಕೋಶ. ಹೊಲಿಗೆ ಇಲ್ಲ, ಎಷ್ಟೋ ಜನ ಸಂಜೆಗೇ ಮನೆಗೆ ಹೋಗುತ್ತಾರೆ.

ಇಷ್ಟು ಕಡಿಮೆ ಮಾದರಿಯಲ್ಲಿ ಜೀನ್ ಟೆಸ್ಟ್ ಆಗುತ್ತದಾ? ಲೆಕ್ಕ ಹಾಕಿ ನೋಡೋಣ. ಮನುಷ್ಯನ ಒಂದು ಜೀವಕೋಶದಲ್ಲಿ ಆರೂವರೆ ಪಿಕೋಗ್ರಾಂನಷ್ಟು ಡಿಎನ್‌ಎ ಇರುತ್ತದೆ. ಹಲವು ಜೀನುಗಳನ್ನು ಒಟ್ಟಿಗೆ ಓದುವ ಎನ್‌ಜಿಎಸ್ ಪ್ಯಾನೆಲ್‌ಗಳಲ್ಲಿ ಚಿಕ್ಕವು 10 ನ್ಯಾನೋಗ್ರಾಂ ಡಿಎನ್‌ಎಯಲ್ಲಿ ಕೆಲಸ ಮಾಡುತ್ತವೆ. ಒಂದು ನ್ಯಾನೋಗ್ರಾಂ ಅಂದರೆ ಸಾವಿರ ಪಿಕೋಗ್ರಾಂ, ಹಾಗಾಗಿ ಸುಮಾರು 1,500 ಜೀವಕೋಶ. ದೊಡ್ಡ ಪ್ಯಾನೆಲ್‌ಗೆ 50 ನ್ಯಾನೋಗ್ರಾಂ ಬೇಕು ಅಂದರೂ ಏಳೂವರೆ ಸಾವಿರ ಜೀವಕೋಶ ಆಯಿತು. ಚೆನ್ನಾಗಿ ಬಂದ ಒಂದು ಹನಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತವೆ. ಕಾಗದದ ಮೇಲೆ ಈ ಲೆಕ್ಕ ಸಲೀಸು. ಸೋರಿಕೆ ಶುರುವಾಗುವುದು ಆಮೇಲೆ. ಬ್ಲಾಕಿನಿಂದ ಕೊಯ್ಯುವ ಪದರ ನಾಲ್ಕೈದು ಮೈಕ್ರಾನ್ ದಪ್ಪ, ಡಿಎನ್‌ಎ ಇರುವ ಜೀವಕೋಶದ ನ್ಯೂಕ್ಲಿಯಸ್ ಅದಕ್ಕಿಂತ ದೊಡ್ಡದು, ಹಾಗಾಗಿ ಒಂದೊಂದು ಪದರದಲ್ಲಿ ಸಿಗುವುದು ಅರೆಬರೆ ನ್ಯೂಕ್ಲಿಯಸ್. ಮಾಂಸ ಕೆಡದಂತೆ ಹಾಕಿಡುವ ಫಾರ್ಮಾಲಿನ್ ದ್ರಾವಣ ಡಿಎನ್‌ಎಯನ್ನು ಚೂರು ಮಾಡಿರುತ್ತದೆ. ಜೊತೆಗೆ ಬಂದವೆಲ್ಲ ಕ್ಯಾನ್ಸರ್ ಜೀವಕೋಶಗಳೂ ಅಲ್ಲ. ಲಿಂಫ್ ಗಂಟಿಗೆ ಚುಚ್ಚಿದರೆ ಬಿಳಿ ರಕ್ತಕಣಗಳ ಜಾತ್ರೆಯೇ ಬರುತ್ತದೆ. ಡಿಎನ್‌ಎ ಓದುವ ಹಳೆಯ ಸ್ಯಾಂಗರ್ ವಿಧಾನಕ್ಕೆ ಮಾದರಿಯಲ್ಲಿ ಅರ್ಧದಷ್ಟಾದರೂ ಕ್ಯಾನ್ಸರ್ ಜೀವಕೋಶ ಇರಬೇಕಿತ್ತು. ಶೇ 20ರಷ್ಟಿದ್ದರೂ ಮ್ಯುಟೇಷನ್ ಹಿಡಿಯುವ ಟೆಸ್ಟನ್ನೇ ಬಳಸಬೇಕು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು.

ಈಗ ಅತ್ತೆಯ ಪ್ರಶ್ನೆಗೆ ಬರೋಣ. ಮಾವನ ಫೈಲು ಬಿಚ್ಚಿ ನೋಡಿದರೆ ಲೆಕ್ಕ ಸಿಕ್ಕಿತು. ತೆಗೆದದ್ದು ಮೂರು ಎಳೆ. ಮಾವ ಅದಕ್ಕೆ ಮುಂಚೆ ಮೂರು ತಿಂಗಳು ಟಿಬಿ ಮಾತ್ರೆ ನುಂಗಿದ್ದರು. ನಮ್ಮಲ್ಲಿ ಇದು ಹೊಸ ಕತೆಯಲ್ಲ. ಕೆಮ್ಮು, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಮಚ್ಚೆ ಅಂದ ತಕ್ಷಣ ಟಿಬಿ ಅಂದುಕೊಂಡು ಶುರು ಮಾಡುತ್ತಾರೆ, ಎಷ್ಟೋ ಸಲ ಅದು ಸರಿಯೂ ಆಗಿರುತ್ತದೆ. ಹಾಗಾಗಿ ಒಂದು ಎಳೆ ಟಿಬಿ ಟೆಸ್ಟಿಗೆ ಹೋಯಿತು. ಅದನ್ನು ತಪ್ಪು ಅನ್ನಲಾರೆ. ಉಳಿದ ಎರಡೂ ಒಂದೇ ಬ್ಲಾಕಿಗೆ ಹೋದವು. ಅಲ್ಲಿ ಯಾವ ಬಗೆಯ ಕ್ಯಾನ್ಸರ್ ಅಂತ ತಿಳಿಯಲು ಐಎಚ್‌ಸಿ ಅನ್ನೋ ಬಣ್ಣದ ಟೆಸ್ಟುಗಳು. ಸಾಮಾನ್ಯವಾಗಿ ಟಿಟಿಎಫ್-1, ಪಿ40 ಎರಡೇ ಸಾಕು, ಅಡಿನೋಕಾರ್ಸಿನೋಮವೋ ಸ್ಕ್ವೇಮಸ್ಸೋ ಅನ್ನೋದು ತಿಳಿಯುತ್ತದೆ. ಮಾವನ ರಿಪೋರ್ಟಿನಲ್ಲಿ ಏಳು ಇದ್ದವು. ಅದೂ ಒಂದೇ ದಿನ ಮಾಡಿದ್ದಲ್ಲ. ಮೊದಲು ಎರಡು, ನಾಲ್ಕು ದಿನ ಬಿಟ್ಟು ಮೂರು, ಆಮೇಲೆ ಮತ್ತೆ ಎರಡು.

ಈ 'ಆಮೇಲೆ ಮತ್ತೆ' ಅನ್ನೋದೇ ದುಬಾರಿ. ಬ್ಲಾಕನ್ನು ಮೈಕ್ರೋಟೋಮ್ ಅನ್ನೋ ಯಂತ್ರಕ್ಕೆ ಸಿಕ್ಕಿಸಿ, ಅಲಗಿನಿಂದ ಈರುಳ್ಳಿ ಹೆಚ್ಚಿದಂತೆ ಪದರ ಪದರ ತೆಗೆಯುತ್ತಾರೆ. ಒಂದು ಸಲ ಬಿಚ್ಚಿ ತೆಗೆದು ಇನ್ನೊಂದು ದಿನ ಸಿಕ್ಕಿಸಿದರೆ ಮೇಲ್ಮೈ ಅಲಗಿಗೆ ಸಮನಾಗಿ ಕೂರುವುದಿಲ್ಲ. ಸಮ ಮಾಡಲು ಮೊದಲಿನ ಕೆಲವು ಪದರಗಳನ್ನು ಹೆರೆದು ಹಾಕಬೇಕು. ಹೆರೆದದ್ದು ಕಸದ ಬುಟ್ಟಿಗೆ. ಆಪರೇಷನ್ನಿನಲ್ಲಿ ತೆಗೆದ ದೊಡ್ಡ ಗಡ್ಡೆಯಾದರೆ ಅದು ಲೆಕ್ಕಕ್ಕೇ ಇಲ್ಲ. ಶಾವಿಗೆ ಎಳೆಯಲ್ಲಿ ಮೂರು ಸಲ ಹೆರೆದರೆ ಉಳಿಯುವುದೇನು? ಅದಕ್ಕೇ ಪಳಗಿದ ಲ್ಯಾಬುಗಳು ಎರಡು ಕೆಲಸ ಮಾಡುತ್ತವೆ. ಎಳೆಗಳನ್ನು ಎರಡು ಬ್ಲಾಕಿಗೆ ಹಂಚಿ ಒಂದನ್ನು ಜೀನ್ ಟೆಸ್ಟಿಗೇ ಅಂತ ಮುಟ್ಟದೆ ಇಡುತ್ತವೆ. ಮೊದಲ ಸಲ ಕೊಯ್ಯುವಾಗಲೇ ಮುಂದೆ ಬೇಕಾಗುವ ಹತ್ತು ಹದಿನೈದು ಸ್ಲೈಡನ್ನೂ ಕೊಯ್ದು, ಬಣ್ಣ ಹಾಕದೆ ಎತ್ತಿಡುತ್ತವೆ. ಇದಕ್ಕೆ ಹೊಸ ಯಂತ್ರ ಬೇಡ, ಖರ್ಚೂ ಹೆಚ್ಚಿಲ್ಲ. ಕೊಯ್ಯುವವರಿಗೆ 'ಇದು ಶ್ವಾಸಕೋಶದ್ದು, ಕ್ಯಾನ್ಸರ್ ಅನುಮಾನ' ಅಂತ ಫಾರಂನಲ್ಲಿ ಒಂದು ಸಾಲು ಬರೆದಿದ್ದರೆ ಸಾಕು. ಎಷ್ಟೋ ಫಾರಂಗಳಲ್ಲಿ ಅಲ್ಲಿ ಬರೀ 'ಬಯಾಪ್ಸಿ' ಅಂತ ಇರುತ್ತದೆ.

ಫಾರ್ಮಾಲಿನ್ನಿನದು ಇನ್ನೊಂದು ಕತೆ. ಶೇ 10ರ ಬಫರ್ಡ್ ಫಾರ್ಮಾಲಿನ್ನಿನಲ್ಲಿ 6ರಿಂದ 48 ಗಂಟೆ ಇದ್ದರೆ ಒಳ್ಳೆಯದು ಅನ್ನೋದು ರೂಢಿಯ ನಿಯಮ. ಶನಿವಾರ ಮಧ್ಯಾಹ್ನ ಬಯಾಪ್ಸಿ ಆಗಿ, ಭಾನುವಾರ ರಜೆ, ಸೋಮವಾರ ಹಬ್ಬ ಅಂತಾದರೆ ಲೆಕ್ಕ ಹಾಕಿ. ಡಿಎನ್‌ಎ ಮುರಿಯುವುದಷ್ಟೇ ಅಲ್ಲ, ಇಲ್ಲದ ಮ್ಯುಟೇಷನ್ ಇದ್ದಂತೆ ಕಾಣುವ ಅಪಾಯವೂ ಇದೆ. ಮೂಳೆಗೆ ಹರಡಿದ ಗಡ್ಡೆಯಿಂದ ತೆಗೆದರೆ ಇನ್ನೂ ಕಷ್ಟ. ಮೂಳೆ ಮೆತ್ತಗಾಗಲಿ ಅಂತ ಆಸಿಡ್‌ನಲ್ಲಿ ಇಡುತ್ತಾರೆ, ಆಸಿಡ್ ಡಿಎನ್‌ಎಯನ್ನು ಹಾಳುಗೆಡವುತ್ತದೆ. ಇಡಿಟಿಎ ದ್ರಾವಣ ಬಳಸಿದರೆ ಉಳಿಯುತ್ತದೆ, ಆದರೆ ಅದು ನಿಧಾನ.

ಎದೆಯಲ್ಲಿ ನೀರು ತುಂಬಿಕೊಂಡವರ ವಿಷಯ ಕೇಳಿದರೆ ಹೊಟ್ಟೆ ಉರಿಯುತ್ತದೆ. ಉಸಿರಾಟಕ್ಕೆ ಅಂತ ಒಂದು ಲೀಟರ್ ನೀರು ತೆಗೆಯುತ್ತಾರೆ. ಅದರಲ್ಲಿ ಕ್ಯಾನ್ಸರ್ ಜೀವಕೋಶಗಳು ತೇಲುತ್ತಿರುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕೆ ಕೂತದ್ದನ್ನು ಗಟ್ಟಿ ಮಾಡಿ ಮೇಣದಲ್ಲಿ ಇಟ್ಟರೆ 'ಸೆಲ್ ಬ್ಲಾಕ್' ಆಗುತ್ತದೆ. ಎಷ್ಟೋ ಸಲ ಜೀನ್ ಟೆಸ್ಟಿಗೆ ಇದೇ ಧಾರಾಳ. ಆದರೆ ಲ್ಯಾಬಿಗೆ ಹೋಗುವುದು ಸಿರಿಂಜಿನಲ್ಲಿ 10 ಎಂ.ಎಲ್., ಉಳಿದದ್ದು ಮೋರಿಗೆ.

ಮಾವನಿಗೆ ಎರಡನೇ ಸಲ ಸೂಜಿ ಹಾಕಲಿಲ್ಲ. ಉಸಿರು ಅಷ್ಟು ಚೆನ್ನಾಗಿರಲಿಲ್ಲ, ಡಾಕ್ಟರೇ ಬೇಡ ಅಂದರು. ಬೆಂಗಳೂರಿನ ಪ್ಯಾಥಾಲಜಿಸ್ಟ್ ಒಬ್ಬರು, "ಬಯಾಪ್ಸಿ ದಿನ ಸ್ಲೈಡ್ ಏನಾದ್ರೂ ಮಾಡಿದ್ರಾ? ಗಾಜಿನ ಮೇಲೆ ಸವರಿದ್ದು?" ಅಂತ ಕೇಳಿದರು. ಮಾಡಿದ್ದರು. ಸೂಜಿ ಸರಿಯಾದ ಜಾಗದಲ್ಲಿದೆಯೇ ಅಂತ ನೋಡಲು ಮೊದಲು ಸಣ್ಣ ಸೂಜಿಯಲ್ಲಿ ಜೀವಕೋಶ ಎಳೆದು (ಎಫ್‌ಎನ್‌ಎಸಿ ಅನ್ನುತ್ತಾರೆ) ನಾಲ್ಕು ಸ್ಲೈಡ್ ಸವರಿದ್ದರು. ಅವು ಹಳೆಯ ಆಸ್ಪತ್ರೆಯ ಮರದ ಟ್ರೇಯಲ್ಲಿ ಕೂತಿದ್ದವು.

ಈ ಸವರಿದ ಸ್ಲೈಡುಗಳನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಪ್ಯಾಥಾಲಜಿ ಮತ್ತು ಶ್ವಾಸಕೋಶ ಕ್ಯಾನ್ಸರ್ ತಜ್ಞರ ಸಂಸ್ಥೆಗಳ 2013ರ ಮಾರ್ಗಸೂಚಿಯೂ ಸ್ಲೈಡಿಗಿಂತ ಸೆಲ್ ಬ್ಲಾಕೇ ಮೇಲು ಅಂದಿತ್ತು. 2018ರಲ್ಲಿ ಅದೇ ಸಂಸ್ಥೆಗಳು ಮಾತು ಬದಲಿಸಿ, ಸೆಲ್ ಬ್ಲಾಕ್ ಆದರೂ ಸರಿ, ಸವರಿದ ಸ್ಲೈಡ್ ಆದರೂ ಸರಿ ಅಂದವು. ಕಾರಣ ಸರಳ. ಸ್ಲೈಡ್ ಫಾರ್ಮಾಲಿನ್ ಕಂಡಿರುವುದಿಲ್ಲ. ಜೀವಕೋಶ ಅರ್ಧ ಕೊಯ್ದು ಹೋಗಿರುವುದಿಲ್ಲ, ಇಡಿಯಾಗಿ ಕೂತಿರುತ್ತದೆ. ಅದರ ಡಿಎನ್‌ಎ ಎಷ್ಟೋ ಸಲ ಬ್ಲಾಕಿಗಿಂತ ಗಟ್ಟಿ. ಮೇಲಿನ ಗಾಜು ಬಿಡಿಸಲು ಒಂದೆರಡು ದಿನ ಜೈಲೀನ್‌ನಲ್ಲಿ ನೆನೆಹಾಕಬೇಕು, ಆಮೇಲೆ ಕ್ಯಾನ್ಸರ್ ಇರುವ ಜಾಗವನ್ನು ಅಲಗಿನಿಂದ ಕೆರೆದು ತೆಗೆಯಬೇಕು. ಕೆರೆದ ಮೇಲೆ ಆ ಸ್ಲೈಡ್ ಇರುವುದಿಲ್ಲ, ರೋಗ ಇತ್ತು ಅನ್ನೋದಕ್ಕೆ ದಾಖಲೆಯೂ ಹೋಗುತ್ತದೆ. ಹಾಗಾಗಿ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಬೇಕು, ಮತ್ತು ಎಲ್ಲ ಲ್ಯಾಬೂ ಇದಕ್ಕೆ ತಯಾರಿರುವುದಿಲ್ಲ, ಮೊದಲೇ ಪರೀಕ್ಷೆ ಮಾಡಿ ಖಾತ್ರಿಪಡಿಸಿಕೊಂಡಿರಬೇಕು. ಮಾವನ ನಾಲ್ಕರಲ್ಲಿ ಎರಡು ಸ್ಲೈಡ್ ಕೆರೆದರು. ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ ಸಿಕ್ಕಿತು, ಅಂದರೆ ಆ ಜೀನಿನ ಒಂದು ಚೂರು ಬಿಟ್ಟುಹೋಗಿದೆ, ಅದು ಮಾತ್ರೆಗೆ ಚೆನ್ನಾಗಿ ಬಗ್ಗುವ ಜಾತಿ.

ದುಡ್ಡಿನ ವಿಷಯ ಬಿಟ್ಟರೆ ಈ ಮಾತು ಪೂರ್ತಿ ಆಗುವುದಿಲ್ಲ. ನಮ್ಮಲ್ಲಿ ಬಹಳ ಕುಟುಂಬಗಳು ಜೀನ್ ಟೆಸ್ಟಿನ ಖರ್ಚನ್ನು ಕೈಯಿಂದಲೇ ಹಾಕುತ್ತವೆ. ಕೆಲವು ಔಷಧ ಕಂಪನಿಗಳು ತಮ್ಮ ಮಾತ್ರೆಗೆ ಸಂಬಂಧಪಟ್ಟ ಟೆಸ್ಟನ್ನು ಉಚಿತವಾಗಿ ಮಾಡಿಸಿಕೊಡುತ್ತವೆ. ಬಡವರಿಗೆ ಉಪಕಾರವೇ, ಇಲ್ಲ ಅನ್ನಲ್ಲ. ಆದರೆ ಅದರಿಂದ ಒಂದು ಅಭ್ಯಾಸ ಬೆಳೆದಿದೆ. ಮೊದಲು ಉಚಿತ ಇಜಿಎಫ್‌ಆರ್, ಇಲ್ಲ ಅಂದರೆ ಎಎಲ್‌ಕೆ, ಅದೂ ಇಲ್ಲ ಅಂದರೆ ರಾಸ್-1. ಒಂದೊಂದಕ್ಕೂ ಬ್ಲಾಕ್ ಹೊರಗೆ, ಮತ್ತೆ ಹೆರೆತ, ಮತ್ತೆ ಒಂದು ವಾರ. ನಾಲ್ಕನೆಯ ಟೆಸ್ಟಿನ ಹೊತ್ತಿಗೆ ಬ್ಲಾಕೂ ಖಾಲಿ, ರೋಗಿಗೆ ತಾಳ್ಮೆಯೂ ಖಾಲಿ. ಮಾದರಿ ಕಡಿಮೆ ಇದ್ದಾಗಲೇ ಎಲ್ಲವನ್ನೂ ಒಟ್ಟಿಗೆ ಓದುವ ಪ್ಯಾನೆಲ್ ಮೇಲು. ತಲೆಕೆಳಗಾಗಿ ಕಾಣಬಹುದು, ಆದರೆ ಒಂದೇ ಸಲ ಡಿಎನ್‌ಎ ತೆಗೆದು ಹತ್ತು ಪ್ರಶ್ನೆ ಕೇಳುವುದು, ಹತ್ತು ಸಲ ತೆಗೆದು ಒಂದೊಂದೇ ಕೇಳುವುದಕ್ಕಿಂತ ಉಳಿತಾಯ. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ (ಇಜಿಎಫ್‌ಆರ್ ಮ್ಯುಟೇಷನ್ ಇದ್ದವರಿಗೆ ಕೊಡುವ ಹೊಸ ಮಾತ್ರೆ) ಸೇರಿ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ತೆಗೆದರು. ಒಳ್ಳೆಯದೇ. ಆ ಮಾತ್ರೆ ಯಾರಿಗೆ ಬೇಕು ಅಂತ ಹೇಳುವ ಟೆಸ್ಟಿಗೂ ಅಷ್ಟೇ ಗಮನ ಬೇಕು ಅನ್ನೋದು ನನ್ನ ತಕರಾರು.

ರಕ್ತ ಪರೀಕ್ಷೆಯಲ್ಲೇ ಗೊತ್ತಾಗಲ್ವಾ ಅಂತ ಈಗ ಎಲ್ಲರೂ ಕೇಳುತ್ತಾರೆ. ಲಿಕ್ವಿಡ್ ಬಯಾಪ್ಸಿ ಅಂತಾರೆ, ಗಡ್ಡೆಯಿಂದ ರಕ್ತಕ್ಕೆ ಬಿದ್ದ ಡಿಎನ್‌ಎ ತುಣುಕನ್ನು ಹುಡುಕುವುದು. ಸಿಕ್ಕರೆ ನಂಬಬಹುದು. ಸಿಗದಿದ್ದರೆ 'ಇಲ್ಲ' ಅಂತ ಅರ್ಥ ಅಲ್ಲ. ಗಡ್ಡೆಯಲ್ಲಿ ಇರುವ ಮ್ಯುಟೇಷನ್ ರಕ್ತದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಾಣದೆ ಹೋಗುತ್ತದೆ.

ಸೂಜಿ ಹಾಕುವ ಕೋಣೆಯಲ್ಲೂ ಸುಧಾರಿಸುವುದು ಇದೆ. ಅಲ್ಲೇ ಸೈಟಾಲಜಿಯವರು, ಅಂದರೆ ಜೀವಕೋಶ ನೋಡಿ ರೋಗ ಹೇಳುವವರು, ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದರೆ 'ಬಂದಿದೆ, ಇನ್ನೆರಡು ಸಲ ಹಾಕಿ' ಅಂತ ಆಗಲೇ ಹೇಳಬಹುದು. ಹಾಗೆ ಯಾರೂ ಇಲ್ಲದಿದ್ದರೆ ಇಬಸ್‌ನಲ್ಲಿ ಒಂದು ಗಂಟಿಗೆ ಕನಿಷ್ಠ ಮೂರು ಸಲ ಸೂಜಿ ಹಾಕಬೇಕು, ಜೀನ್ ಟೆಸ್ಟಿಗೆ ಅಂತ ಅದಕ್ಕಿಂತ ಜಾಸ್ತಿ ತೆಗೆಯಬೇಕು ಅಂತ ಅಮೆರಿಕದ ಎದೆರೋಗ ತಜ್ಞರ 2016ರ ಮಾರ್ಗಸೂಚಿ ಹೇಳುತ್ತದೆ. ಜೊತೆಗೆ ಇರುವವರು ಡಾಕ್ಟರಿಗೆ ಇದನ್ನು ಕೇಳಬಹುದು, ಜಗಳದ ಧಾಟಿಯಲ್ಲಿ ಬೇಡ. "ಸರ್, ಮ್ಯುಟೇಷನ್ ಟೆಸ್ಟಿಗೆ ಅಂತ ಬೇರೆ ತೆಗೆದಿಡ್ತೀರಾ?" ಅಂತ ಒಂದು ಮಾತು. ಕೇಳಬೇಕಾದದ್ದು ಬಯಾಪ್ಸಿಗೆ ಮುಂಚೆ. ರಿಪೋರ್ಟ್ ಬಂದ ಮೇಲೆ ಕೇಳಿ ಉಪಯೋಗ ಇಲ್ಲ.

ರಿಪೋರ್ಟಿಗೆ ಎರಡು ಮೂರು ವಾರ ಕಾಯುವುದು ಮನೆಯವರಿಗೆ ನರಕ. 'ಅಲ್ಲಿಯವರೆಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ) ಶುರು ಮಾಡಿಬಿಡೋಣ' ಅನ್ನೋ ಆಸೆ ಬರುತ್ತದೆ. ಆಮೇಲೆ ಇಜಿಎಫ್‌ಆರ್ ಅಂತ ಗೊತ್ತಾಗಿ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶ ಊದಿಕೊಳ್ಳುವ ಅಪಾಯ ಜಾಸ್ತಿ. ರೋಗಿ ತೀರಾ ಕಷ್ಟದಲ್ಲಿದ್ದರೆ ಬರೀ ಕೀಮೋದಿಂದ ಶುರು ಮಾಡಿ ಕಾಯುವ ದಾರಿ ಇದೆ.

ಮಾವ ಒಸಿಮರ್ಟಿನಿಬ್ ಮೇಲೆ ಇದ್ದಾರೆ. ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಫ್ಲೌರಾ ಅನ್ನೋ ಅಧ್ಯಯನದಲ್ಲಿ ಈ ಮಾತ್ರೆ ಅರ್ಧದಷ್ಟು ಜನರಲ್ಲಿ ರೋಗವನ್ನು 18.9 ತಿಂಗಳೋ ಅದಕ್ಕಿಂತ ಹೆಚ್ಚೋ ತಡೆದು ನಿಲ್ಲಿಸಿತು, ಹಳೆಯ ಮಾತ್ರೆಗಳಲ್ಲಿ ಈ ಸಂಖ್ಯೆ 10.2. ಅಂದರೆ ಒಂದು ದಿನ ಮತ್ತೆ ಬೆಳೆಯಬಹುದು, ಆಗ ಯಾಕೆ ಬೆಳೆಯಿತು ಅಂತ ತಿಳಿಯಲು ಮತ್ತೆ ಸೂಜಿ. ಕೆಲವರಲ್ಲಿ ಕ್ಯಾನ್ಸರ್ ತನ್ನ ಜಾತಿಯನ್ನೇ ಬದಲಿಸಿ ಸ್ಮಾಲ್ ಸೆಲ್ ಆಗಿಬಿಡುತ್ತದೆ. ಅದನ್ನು ಖಚಿತವಾಗಿ ಹೇಳಲು ಜೀವಕೋಶವನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ರಕ್ತ ಸಾಕಾಗುವುದಿಲ್ಲ.

ಬ್ಲಾಕನ್ನು ಮಾವನ ಮಗ ಲ್ಯಾಬಿನಿಂದ ವಾಪಸ್ ತಂದ. ಮೇಣ 60 ಡಿಗ್ರಿಗೆಲ್ಲ ಕರಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ ಅಂತ ಅಲ್ಲಿ ಹೇಳಿ ಕಳಿಸಿದ್ದರು. ಅತ್ತೆ ಅದನ್ನು ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಪಕ್ಕ ಇಟ್ಟಿದ್ದಾರೆ. ಅದರಲ್ಲಿ ಇನ್ನೇನೂ ಇಲ್ಲ ಅತ್ತೆ, ಬರೀ ಮೇಣ ಅಂದೆ. "ಗೊತ್ತು ಕಣೋ" ಅಂದರು. "ಉಳಿದ ಆ ಎರಡು ಗಾಜು ಎಲ್ಲಿದೆ ಅಂತ ಕೇಳಿ ತಗೊಂಬಾ."